ಫ್ಲಾರಿಡಾ ಕರಾವಳಿಯ ಟಾರ್ಪನ್: ಗಾಳ ಹಾಕುವುದರಿಂದ ಜೀವಂತ ಬಿಡುವವರೆಗೆ

ಟಾರ್ಪನ್ ಎಂಬ ದೊಡ್ಡ ಬೆಳ್ಳಿ ಬಣ್ಣದ ಕಡಲ ಮೀನಿಗೆ ಎರೆ ಕಚ್ಚಿಸುವುದು ಅಷ್ಟೇನೂ ಕಷ್ಟವಲ್ಲ, ಕಚ್ಚಿದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಬಹಳಷ್ಟು ಮೀನುಗಳು ಮೊದಲ ಎರಡು ಮೂರು ನೆಗೆತದಲ್ಲೇ ಕೊಕ್ಕೆ ಕಳಚಿಕೊಂಡು ಹೋಗುತ್ತವೆ. ಉಳಿದವುಗಳಲ್ಲಿ ಕೆಲವು ದೋಣಿಯ ಪಕ್ಕಕ್ಕೆ ಬರುವ ಹೊತ್ತಿಗೆ ಎಷ್ಟು ದಣಿದಿರುತ್ತವೆಂದರೆ, ಬಿಟ್ಟ ಮೇಲೂ ಶಾರ್ಕ್‌ನ ಬಾಯಿಂದ ತಪ್ಪಿಸಿಕೊಳ್ಳಲಾರವು. ಮೊದಲನೆಯದಕ್ಕೆ ಕಾರಣ ಈ ಮೀನಿನ ಬಾಯಿ, ಎರಡನೆಯದಕ್ಕೆ ಕಾರಣ ಅದು ಉಸಿರಾಡುವ ರೀತಿ. ಕೊಕ್ಕೆ ಯಾವುದು, ಡ್ರ್ಯಾಗ್ (ಮೀನು ಲೈನ್ ಎಳೆಯುವಾಗ ರೀಲ್ ಒಡ್ಡುವ ತಡೆ) ಎಷ್ಟು, ರಾಡ್ ಯಾವ ಕಡೆ ಬಗ್ಗಿಸಬೇಕು, ಯಾವಾಗ ಲೈನ್ ಕತ್ತರಿಸಿ ಕೈಬಿಡಬೇಕು ಎಂಬ ಪ್ರಶ್ನೆಗಳೆಲ್ಲ ಕೊನೆಗೆ ಈ ಎರಡು ಸಂಗತಿಗಳಿಗೇ ಬಂದು ನಿಲ್ಲುತ್ತವೆ.

ಬಾಯಿ ಮತ್ತು ಉಸಿರು

ಅಟ್ಲಾಂಟಿಕ್ ಟಾರ್ಪನ್‌ನ ಬಾಯಿಯ ಒಳಭಾಗ ಬಹುಮಟ್ಟಿಗೆ ಗಟ್ಟಿ ಮೂಳೆಯ ಫಲಕ. ಕೊಕ್ಕೆಯ ಮೊನೆ ಇಳಿಯಲು ಒಳ್ಳೆಯ ಜಾಗ ಒಂದೇ: ಮೇಲಿನ ಮತ್ತು ಕೆಳಗಿನ ದವಡೆ ಕೂಡುವ ಮೂಲೆಯ ಮೆತ್ತನೆಯ ಮಾಂಸ. ಬೇರೆ ಕಡೆ ಕೊಕ್ಕೆ ಸಿಕ್ಕಿಕೊಂಡರೆ ಅದು ನಾಟಿರುವುದಿಲ್ಲ, ಸುಮ್ಮನೆ ತಗುಲಿಕೊಂಡಿರುತ್ತದೆ. ಲೈನ್‌ನ ಬಿಗಿ ಒಮ್ಮೆ ಹೆಚ್ಚುಕಮ್ಮಿಯಾದರೆ ಬಿದ್ದು ಹೋಗುತ್ತದೆ. ಹಲ್ಲುಗಳು ತೀರಾ ಸಣ್ಣವು, ಚುಚ್ಚುವುದಿಲ್ಲ. ಆದರೆ ದವಡೆಯ ಅಂಚು ಮುಟ್ಟಿದರೆ ಸ್ಯಾಂಡ್‌ಪೇಪರಿನಂತೆ ಒರಟು, ಅರ್ಧ ಗಂಟೆ ಉಜ್ಜಿದರೆ ತೆಳು ಲೀಡರ್ (ಲೈನ್‌ಗೂ ಕೊಕ್ಕೆಗೂ ನಡುವಿನ ದಾರ) ಸವೆದು ತುಂಡಾಗುತ್ತದೆ. ಕೆಳದವಡೆ ಮುಂದಕ್ಕೆ ಚಾಚಿ ಮೇಲ್ಮುಖವಾಗಿದೆ. ಅಂದರೆ ನೀರಿನ ನಡುವೆ ಈಜುವ ಟಾರ್ಪನ್ ತನ್ನ ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಇರುವ ಎರೆಯನ್ನು ಹಿಡಿಯಲು ಹೇಳಿ ಮಾಡಿಸಿದ ಮೀನು. ಅದರ ಹೊಟ್ಟೆಯ ಕೆಳಗೆ ಸಾಗಿದ ಎರೆ ಬಹುಪಾಲು ವ್ಯರ್ಥ.

ಇನ್ನು ಉಸಿರು. ಇದರ ಗಾಳಿಚೀಲ ಗಂಟಲಿಗೆ ತೆರೆದುಕೊಂಡಿದೆ. ಕಿವಿರಿನ ಜೊತೆಗೆ ಅದು ಮೇಲೆ ಬಂದು ನೇರವಾಗಿ ಗಾಳಿಯನ್ನೂ ನುಂಗುತ್ತದೆ. ಕಾಂಡ್ಲಾ ಕಾಡಿನ ಕೊಳೆತ ಹಿನ್ನೀರಿನಲ್ಲಿ, ಬೇರೆ ಮೀನು ಉಸಿರುಗಟ್ಟುವ ಕಡೆ, ಟಾರ್ಪನ್ ಮರಿಗಳು ಬೆಳೆಯುವುದು ಇದರಿಂದಲೇ. ಮುಂಜಾನೆ ನೀರು ಕನ್ನಡಿಯಾಗಿರುವಾಗ ಬೆಳ್ಳಿ ಬೆನ್ನು ಮೆಲ್ಲಗೆ ಮೇಲೆದ್ದು ಉರುಳಿ ಮುಳುಗುವುದು ಕಾಣುತ್ತದಲ್ಲ, ಅದು ಉಸಿರು ತೆಗೆದುಕೊಳ್ಳುವ ಕ್ಷಣ. ಮೀನು ಎಲ್ಲಿದೆ, ಯಾವ ಕಡೆ ಹೊರಟಿದೆ ಎಂದು ಆ ಉರುಳು ತೋರಿಸುತ್ತದೆ. ಗಾಳಕ್ಕೆ ಸಿಕ್ಕಮೇಲೂ ಮೀನು ಅದೇ ಕೆಲಸ ಮಾಡುತ್ತದೆ. ಒಂದು ಗುಟುಕು ಗಾಳಿ ಸಿಕ್ಕರೆ ಇನ್ನೊಂದು ಸುತ್ತು ಹೋರಾಡಲು ಅದಕ್ಕೆ ಕಸುವು ಬರುತ್ತದೆ.

ಬೆಳೆಯುವುದು ಬಹಳ ನಿಧಾನ. ಮೊಟ್ಟೆಯಿಡುವಷ್ಟಾಗಲು ಸುಮಾರು 10 ವರ್ಷ ಬೇಕು, 50 ವರ್ಷ ದಾಟಿ ಬದುಕಬಲ್ಲದು. ದೊಡ್ಡವೆಲ್ಲ ಹೆಚ್ಚಾಗಿ ಹೆಣ್ಣು. ವಲಸೆಯ ಗುಂಪಿನಲ್ಲಿ 80ರಿಂದ 130 ಪೌಂಡ್‌ನ ಮೀನು ಸಾಮಾನ್ಯ, 200 ಪೌಂಡ್ ದಾಟಿದ್ದು ವಿರಳ. ಫ್ಲಾರಿಡಾದ ದಾಖಲೆ 1975ರಲ್ಲಿ ಕೀ ವೆಸ್ಟ್‌ನಲ್ಲಿ ಹಿಡಿದ 243 ಪೌಂಡ್. ನಿಮ್ಮ ಗಾಳಕ್ಕೆ ಸಿಕ್ಕ ನೂರು ಪೌಂಡ್‌ನ ಮೀನು ನಿಮ್ಮ ಮಕ್ಕಳಿಗಿಂತ ಹಿರಿಯದಿರಬಹುದು. ಕೆಳಗೆ ಬಿಡುಗಡೆಯ ಬಗ್ಗೆ ಇಷ್ಟು ಒತ್ತಿ ಹೇಳಿರುವುದಕ್ಕೆ ಇದೇ ಕಾರಣ.

ಎಲ್ಲಿ, ಯಾವಾಗ

ಮುಖ್ಯ ಋತು ಏಪ್ರಿಲ್‌ನಿಂದ ಜುಲೈ, ಅದರಲ್ಲೂ ಮೇ ನಡುವಿನಿಂದ ಜೂನ್ ಕೊನೆಯವರೆಗೆ ತುಂಬಿದ ಕಾಲ. ನೀರು ಸುಮಾರು 24 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಮೇಲೆ ಮೀನು ನಿಜವಾಗಿ ಓಡಾಡಲು, ತಿನ್ನಲು ಶುರುಮಾಡುತ್ತದೆ. ತಣ್ಣನೆ ಗಾಳಿ ಬೀಸಿ ನೀರು ತಣಿದರೆ ಎರಡು ಮೂರು ದಿನ ಎಲ್ಲಿ ಹೋದವೋ ಎನ್ನುವಂತೆ ಮಾಯ.

ಪಶ್ಚಿಮ ಕರಾವಳಿಯ ಬೋಕಾ ಗ್ರಾಂಡೆ ಅಳಿವೆ ಈ ಮೀನಿಗೆ ಹೆಸರಾದ ಜಾಗ. ಶಾರ್ಲಟ್ ಹಾರ್ಬರ್‌ನ ನೀರು ಸಮುದ್ರಕ್ಕೆ ಹೋಗುವ ದಾರಿ ಅದು, ಅದರಲ್ಲಿ 70 ಅಡಿಯಷ್ಟು ಆಳದ ಗುಂಡಿಗಳಿವೆ. ಮೇ ಮತ್ತು ಜೂನ್‌ನ ಹುಣ್ಣಿಮೆ, ಅಮಾವಾಸ್ಯೆಯ ಸುತ್ತಿನ ದಿನಗಳಲ್ಲಿ ಸಂಜೆಯ ಹೊತ್ತಿಗೆ ಇಳಿತ ಜೋರಾಗಿ ಹರಿಯುತ್ತದೆ. ಒಳಗಿನ ಹುಲ್ಲುಹಾಸಿನಿಂದ ಸಣ್ಣ ಏಡಿಗಳು ರಾಶಿರಾಶಿ ಕೊಚ್ಚಿಕೊಂಡು ಬರುತ್ತವೆ, ಟಾರ್ಪನ್ ಅಳಿವೆಯ ಬಾಯಲ್ಲಿ ಕಾದು ನಿಂತು ತಿನ್ನುತ್ತದೆ. ವರ್ಷದಲ್ಲಿ ಒಂದೇ ಹೊತ್ತು ಆರಿಸಿಕೊಳ್ಳಿ ಎಂದರೆ ಇದನ್ನೇ ಆರಿಸಿಕೊಳ್ಳಬೇಕು. ರಾಡ್ ಮತ್ತು ರೀಲಿನಿಂದ ಟಾರ್ಪನ್ ಹಿಡಿಯುವ ಆಟ ಹೆಸರಾದದ್ದೂ ಈ ಸುತ್ತಿನಲ್ಲೇ: 1885ರಲ್ಲಿ ಪುಂಟಾ ರಾಸಾ ಬಳಿ ಡಬ್ಲ್ಯು. ಎಚ್. ವುಡ್ ಹಿಡಿದ ಮೀನಿನಿಂದ ಅದು ಶುರುವಾಯಿತೆಂದು ಹೇಳಲಾಗುತ್ತದೆ.

ದಕ್ಷಿಣ ತುದಿಯ ದ್ವೀಪಸಾಲಾದ ಫ್ಲಾರಿಡಾ ಕೀಸ್‌ನಲ್ಲಿ ಬಹಿಯಾ ಹೋಂಡಾ, ಸೆವೆನ್ ಮೈಲ್ ಸೇತುವೆಗಳ ಕೆಳಗೆ ರಾತ್ರಿ ಹಿಡಿಯಬಹುದು. ಐಲಮೊರಾಡಾದ ಸುತ್ತಿನ ತಿಳಿನೀರಿನಲ್ಲಿ ಹಗಲು ಮೀನನ್ನು ಕಣ್ಣಾರೆ ಕಂಡು ಎಸೆಯಬಹುದು. ಹೊಮೊಸಾಸಾ ದೈತ್ಯ ಮೀನುಗಳಿಗೆ, ಅದರಲ್ಲೂ ಫ್ಲೈ (ಗರಿ, ನೂಲಿನಿಂದ ಕಟ್ಟಿದ ಹಗುರ ಕೃತಕ ಎರೆ) ಗಾಳದವರಿಗೆ ಹೆಸರಾದದ್ದು. ಮಯಾಮಿಯ ಗವರ್ನಮೆಂಟ್ ಕಟ್‌ನಲ್ಲಿ ಚಳಿಗಾಲದ ಕೊನೆಗೆ ಸೀಗಡಿ ಹರಿದು ಬರುವ ರಾತ್ರಿಗಳಲ್ಲೂ ಟಾರ್ಪನ್ ಸಿಗುತ್ತದೆ. ಶರತ್ಕಾಲದಲ್ಲಿ ಪೂರ್ವ ಕರಾವಳಿಯಲ್ಲಿ ಮಲ್ಲೆಟ್ ಹಿಂಡುಗಳು ದಕ್ಷಿಣಕ್ಕೆ ಹೊರಟಾಗ ಅವುಗಳ ಬೆನ್ನಿಗೂ ಇದೇ ಮೀನು ಬಿದ್ದಿರುತ್ತದೆ.

ನಿಯಮ ಮೊದಲು

ಫ್ಲಾರಿಡಾದಲ್ಲಿ 2013ರಿಂದ ಟಾರ್ಪನ್ ಹಿಡಿದು ಬಿಡುವ ಮೀನು ಮಾತ್ರ. ದಾಖಲೆಗಾಗಿ ತೂಗಲೇಬೇಕೆಂದರೆ ಮುಂಚಿತವಾಗಿ 51.50 ಡಾಲರ್ ಕೊಟ್ಟು ಟಾರ್ಪನ್ ಟ್ಯಾಗ್ ಕೊಳ್ಳಬೇಕು, ಒಬ್ಬರಿಗೆ ವರ್ಷಕ್ಕೆ ಒಂದೇ. ಮೂತಿಯಿಂದ ಬಾಲದ ಕವಲಿನವರೆಗೆ 40 ಅಂಗುಲ ಮೀರಿದ ಮೀನನ್ನು ಟ್ಯಾಗ್ ಇಲ್ಲದೆ ನೀರಿನಿಂದ ಹೊರಗೆ ಎತ್ತುವಂತಿಲ್ಲ, ಫೋಟೊಗೂ ಇಲ್ಲ. ಜೀವಂತ ಅಥವಾ ಸತ್ತ ಎರೆಯ ಜೊತೆ ಮೂರು ಮೊನೆಯ ಕೊಕ್ಕೆ ಬಳಸುವಂತಿಲ್ಲ. ಬೋಕಾ ಗ್ರಾಂಡೆ ಅಳಿವೆಗೆ ಪ್ರತ್ಯೇಕ ಕಟ್ಟುಪಾಡುಗಳಿವೆ: ಕೊಕ್ಕೆಗಿಂತ ಕೆಳಗೆ ತೂಕ ಜೋತುಬೀಳುವ ಜಿಗ್ ನಿಷಿದ್ಧ, ಏಕೆಂದರೆ ಅದು ಮೀನಿನ ಬಾಯಿಗೆ ಹೋಗದೆ ಹೊರಗಿನಿಂದ ಮೈಗೆ ಸಿಕ್ಕಿಕೊಳ್ಳುತ್ತದೆ. ಏಪ್ರಿಲ್‌ನಿಂದ ಜೂನ್‌ವರೆಗೆ ಅಲ್ಲಿ ಒಂದು ದೋಣಿಯಿಂದ ಮೂರಕ್ಕಿಂತ ಹೆಚ್ಚು ಲೈನ್ ಇಳಿಸುವಂತಿಲ್ಲ. ಉಪ್ಪುನೀರಿನ ಮೀನುಗಾರಿಕೆ ಪರವಾನಗಿ ಬೇಕು. ಪರವಾನಗಿ ಇರುವ ಬಾಡಿಗೆ ದೋಣಿಯಲ್ಲಿ ಹೋದರೆ ಅದರ ಪರವಾನಗಿಯೇ ನಿಮಗೂ ಸಾಕು. ಹೊರಡುವ ಮುನ್ನ ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ಆಗಿನ ನಿಯಮಗಳನ್ನು ಒಮ್ಮೆ ಓದಿ.

ಸಲಕರಣೆ

ಹಗುರ ಸಲಕರಣೆಯಿಂದ ದೊಡ್ಡ ಟಾರ್ಪನ್ ಹಿಡಿಯುವುದು ಹೆಗ್ಗಳಿಕೆಯಲ್ಲ. ಹೋರಾಟ ಉದ್ದವಾಗುತ್ತದೆ, ಬೆಲೆ ಕೊಡುವುದು ಮೀನು. ಜೀವಂತ ಎರೆಗೆ ಏಳರಿಂದ ಎಂಟು ಅಡಿಯ ಗಡಸು ರಾಡ್ ಇರಲಿ. ಅದರ ತುದಿ ಎರೆ ಎಸೆಯುವಷ್ಟು ಬಳುಕಬೇಕು, ಬುಡದ ಅರ್ಧ ಮಾತ್ರ ಬಗ್ಗಲೊಲ್ಲದಷ್ಟು ಗಟ್ಟಿಯಿರಬೇಕು. ಸ್ಪಿನ್ನಿಂಗ್ ರೀಲ್ ಆದರೆ 8000 ಅಥವಾ ಅದರ ಆಸುಪಾಸಿನ ಅಳತೆ, ಅದರಲ್ಲಿ ಕನಿಷ್ಠ 300 ಗಜ 50ರಿಂದ 65 ಪೌಂಡ್ ಎಳೆತ ತಡೆಯುವ ಬ್ರೇಡ್ (ಹೆಣೆದ) ಲೈನ್. ಸೇತುವೆಯ ಕೆಳಗೆ ಹಿಡಿಯುವುದಾದರೆ 80 ಪೌಂಡ್ ಬ್ರೇಡ್‌ಗೆ ಹೋಗಿ, ಅಲ್ಲಿ ಮೀನು ಕಂಬ ಸುತ್ತುವ ಮೊದಲೇ ನಿಲ್ಲಿಸಬೇಕಾಗುತ್ತದೆ.

ಡ್ರ್ಯಾಗನ್ನು ಕೈಯಿಂದ ಎಳೆದು ನೋಡಿ ಅಂದಾಜು ಮಾಡಬೇಡಿ. ರಾಡ್ ಬಗ್ಗಿಸಿ ಹಿಡಿದು, ಲೈನ್‌ನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಇನ್ನೊಬ್ಬರಿಂದ ಎಳೆಸಿ. 50 ಪೌಂಡ್ ಲೈನ್‌ಗೆ 12 ಪೌಂಡ್‌ನಲ್ಲಿ ಲೈನ್ ಬಿಡಲು ಶುರುವಾದರೆ ಸರಿ, 15 ದಾಟಿಸಬೇಡಿ. ಲೈನ್‌ನ ಬಲದ ಕಾಲುಭಾಗ ಎಂಬ ಲೆಕ್ಕಕ್ಕೆ ಅರ್ಥವಿದೆ. ನೂರು ಗಜ ಲೈನ್ ನೀರಲ್ಲಿದ್ದಾಗ ನೀರೇ ಅದನ್ನು ಹಿಡಿದೆಳೆಯುತ್ತದೆ, ಸ್ಪೂಲ್ ಸಣ್ಣದಾಗುತ್ತ ಬಂದಂತೆ ಅದೇ ಡ್ರ್ಯಾಗ್ ಇನ್ನೂ ಬಿಗಿಯಾಗುತ್ತದೆ. ನೀವಿಟ್ಟ 12 ಪೌಂಡ್ ಮೀನಿನ ಬಾಯಲ್ಲಿ 12 ಆಗಿರುವುದಿಲ್ಲ.

ಲೀಡರ್ 60ರಿಂದ 80 ಪೌಂಡ್ ಫ್ಲೋರೊಕಾರ್ಬನ್, ಐದಾರು ಅಡಿ. ತಿಳಿನೀರಿನಲ್ಲಿ 60, ಅಳಿವೆ ಮತ್ತು ಸೇತುವೆಯಲ್ಲಿ 80. ಬ್ರೇಡ್‌ಗೂ ಲೀಡರ್‌ಗೂ ಎಫ್‌ಜಿ ಗಂಟು ಹಾಕಿ. ಅದು ತೆಳುವಾಗಿರುವುದರಿಂದ ರಾಡಿನ ಉಂಗುರಗಳಲ್ಲಿ ತಡೆಯಿಲ್ಲದೆ ಹಾಯುತ್ತದೆ. ಆದರೆ ಈ ಗಂಟಿಗೆ ಒಂದು ದೌರ್ಬಲ್ಯವಿದೆ: ಅರೆಬರೆ ಬಿಗಿದರೆ ಮೊದಲ ಓಟದಲ್ಲೇ ಜಾರುತ್ತದೆ. ಇಪ್ಪತ್ತು ಸುತ್ತು ಹಾಕಿ, ಎರಡೂ ಬ್ರೇಡ್ ಎಳೆಗಳನ್ನು ಕೈಗವಸು ಹಾಕಿಕೊಂಡು ಬಲವಾಗಿ ಎಳೆದಾಗ ಬ್ರೇಡ್‌ನ ಬಣ್ಣ ಗಾಢವಾಗಿ ಲೀಡರ್‌ನೊಳಕ್ಕೆ ಕಚ್ಚಿಕೊಂಡಂತೆ ಕಾಣಬೇಕು. ಹಾಗೆ ಕಾಣದಿದ್ದರೆ ಬಿಚ್ಚಿ ಮತ್ತೆ ಹಾಕಿ. ಸ್ವಿವೆಲ್ (ತಿರುಗುವ ಲೋಹದ ಕೊಂಡಿ) ಬೇಡ. ಅದು ಉಂಗುರಕ್ಕೆ ತಡೆಯಾಗಿ ನಿಂತು, ಮೀನನ್ನು ದೋಣಿಯ ಪಕ್ಕದಲ್ಲಿ ನಿಭಾಯಿಸಲು ಬಿಡುವುದಿಲ್ಲ.

ಕೊಕ್ಕೆ 6/0ಯಿಂದ 8/0 ಅಳತೆಯ ಸರ್ಕಲ್ ಹುಕ್ (ಮೊನೆ ಕಡ್ಡಿಯ ಕಡೆಗೆ ಒಳಮುಖವಾಗಿ ಬಾಗಿದ ಕೊಕ್ಕೆ), ಮೊನೆ ಪಕ್ಕಕ್ಕೆ ತಿರುಗಿರದ ನೇರ ಜಾತಿಯದು. ಗಟ್ಟಿ ತಂತಿಯದಿರಲಿ, ಸ್ಟೇನ್‌ಲೆಸ್ ಬೇಡ, ಬಾಯಲ್ಲೇ ಉಳಿದರೆ ತುಕ್ಕು ಹಿಡಿದು ಉದುರಬೇಕು. ಮುಳ್ಳನ್ನು ಇಕ್ಕಳದಿಂದ ಒತ್ತಿ ಮಡಿಸಿಬಿಡಿ. ಮುಳ್ಳಿಲ್ಲದ ಕೊಕ್ಕೆ ಮೂಳೆಯ ಸಂದಿಯಲ್ಲಿ ಸುಲಭವಾಗಿ ಇಳಿಯುತ್ತದೆ, ತೆಗೆಯುವುದೂ ಸುಲಭ. ಮೊನೆಯನ್ನು ಉಗುರಿನ ಮೇಲೆ ಎಳೆದು ನೋಡಿ. ಜಾರಿದರೆ ಮೊಂಡಾಗಿದೆ, ಗೀರಿದರೆ ಸರಿಯಿದೆ.

ಫ್ಲೈ ಗಾಳದವರಿಗೆ 11 ಅಥವಾ 12 ವೇಟ್ (ಬಲದ ಅಳತೆ) ರಾಡ್, 30 ಪೌಂಡ್ ಬ್ಯಾಕಿಂಗ್ (ಫ್ಲೈ ಲೈನ್‌ನ ಹಿಂದೆ ರೀಲಿನಲ್ಲಿ ಸುತ್ತುವ ಹೆಚ್ಚುವರಿ ದಾರ) 200 ಗಜಕ್ಕೂ ಹೆಚ್ಚು, 16 ಅಥವಾ 20 ಪೌಂಡ್ ಟಿಪೆಟ್ (ಲೀಡರ್‌ನ ತೆಳು ಭಾಗ), ಅದರ ಮುಂದೆ ಫ್ಲೈಗೆ ತಾಗಿ, ಮೀನಿನ ಒರಟು ದವಡೆಗೆ ಸವೆಯದಂತೆ 60 ಪೌಂಡ್‌ನ ಬೈಟ್ ಟಿಪೆಟ್. ದಾಖಲೆಯ ಆಸೆಯಿದ್ದರೆ ಬೈಟ್ ಟಿಪೆಟ್ 12 ಅಂಗುಲ ಮೀರಬಾರದು. ಫ್ಲೈ 1/0ಯಿಂದ 3/0 ಕೊಕ್ಕೆಯ ಮೇಲೆ ಕಟ್ಟಿದ್ದು. ಕಾಕ್‌ರೋಚ್, ಬ್ಲ್ಯಾಕ್ ಡೆತ್, ಟೋಡ್ ಈ ಮೂರಿದ್ದರೆ ಬಹುತೇಕ ದಿನ ಸಾಕು.

ಎರೆ

ಏಡಿಯೇ ಮೊದಲ ಆಯ್ಕೆ. ಚಿಪ್ಪು ಎರಡೂವರೆಯಿಂದ ಮೂರು ಅಂಗುಲ ಅಗಲವಿರಲಿ. ಕೊಂಡಿಯ ಆಡುವ ಬೆರಳನ್ನಷ್ಟೇ ಮುರಿದು ತೆಗೆಯಿರಿ, ಕಾಲು ಮುರಿಯಬೇಡಿ, ಈಜಬೇಕು. ಚಿಪ್ಪಿನ ಎರಡು ಪಕ್ಕಕ್ಕೂ ಚೂಪಾದ ಮೂಲೆಯಿರುತ್ತದೆ. ಅದರಲ್ಲಿ ಒಂದರ ಕೆಳಗಿನಿಂದ ಕೊಕ್ಕೆ ತೂರಿಸಿ ಮೇಲೆ ತೆಗೆಯಿರಿ. ಅಂಚಿಗೆ ತೀರಾ ಹತ್ತಿರವಾದರೆ ಎಸೆಯುವಾಗಲೇ ಚಿಪ್ಪು ಸೀಳಿ ಏಡಿ ಒಂದು ಕಡೆ, ಕೊಕ್ಕೆ ಒಂದು ಕಡೆ. ತೀರಾ ಒಳಗಾದರೆ ಏಡಿ ಸಾಯುತ್ತದೆ, ಕೊಕ್ಕೆಯ ಬಾಯಿಯೂ ಮುಚ್ಚಿಹೋಗುತ್ತದೆ. ಮೊನೆಗೂ ಕಡ್ಡಿಗೂ ನಡುವಿನ ಸಂದು ಖಾಲಿ ಉಳಿಯಲೇಬೇಕು, ಸರ್ಕಲ್ ಹುಕ್ ಕೆಲಸ ಮಾಡುವುದು ಆ ಸಂದಿನಿಂದಲೇ. ಏಡಿಗೆ ತಳಕ್ಕೆ ಧುಮುಕುವ ಚಟ, ಬಿಟ್ಟರೆ ಹುಲ್ಲಿನಲ್ಲಿ ಅವಿತುಕೊಳ್ಳುತ್ತದೆ. ಹಾಗಾಗಿ ಲೈನ್ ಸ್ವಲ್ಪ ಬಿಗಿಯಾಗಿಡಿ, ಇಲ್ಲವೇ ಮೂರು ನಾಲ್ಕು ಅಡಿ ಮೇಲೆ ಬೆಂಡು ಕಟ್ಟಿ.

ಜೀವಂತ ಸಣ್ಣ ಮೀನು, ಅಂದರೆ ಪಿನ್‌ಫಿಶ್, ತ್ರೆಡ್‌ಫಿನ್ ಹೆರಿಂಗ್ ಅಥವಾ ಮಲ್ಲೆಟ್ ಆದರೆ ಸೆಳೆತದಲ್ಲಿ ತೇಲಿಬಿಡುವಾಗ ಮೇಲ್ದುಟಿಗೆ ಸಿಕ್ಕಿಸಿ. ಬೆನ್ನಿಗೆ ಸಿಕ್ಕಿಸಿ ಸೆಳೆತದ ವಿರುದ್ಧ ಎಳೆದರೆ ಅದು ಗಿರಗಿರನೆ ತಿರುಗಿ ಲೀಡರ್ ಹುರಿಗೊಳ್ಳುತ್ತದೆ, ಟಾರ್ಪನ್ ಅಂಥದ್ದನ್ನು ತಿರುಗಿಯೂ ನೋಡುವುದಿಲ್ಲ. ಕದಡಿದ ನೀರಿನಲ್ಲಿ ಸತ್ತ ಮಲ್ಲೆಟ್‌ನ ಅರ್ಧ ತುಂಡನ್ನು ತಳದಲ್ಲಿ ಇಟ್ಟು ಕಾಯುವುದೂ ಒಂದು ವಿಧಾನ. ವಾಸನೆ ಹಿಡಿದು ಬರುತ್ತದೆ. ನೋಡುವವರಿಗೆ ಬೇಸರದ ಕೆಲಸ, ಆದರೆ ಫಲ ಕೊಡುತ್ತದೆ.

ಕಂಡ ಮೀನಿಗೆ ಎಸೆಯುವುದು

ಇಲ್ಲಿ ದೋಣಿ ನಡೆಸುವವರ ತಾಳ್ಮೆ ಗಾಳ ಎಸೆಯುವವರ ಕೈಗಿಂತ ಮುಖ್ಯ. ಉರುಳುವ ಗುಂಪು ಕಂಡ ಕೂಡಲೇ ಅದರ ಕಡೆಗೆ ಎಂಜಿನ್ ಓಡಿಸಿದರೆ ಆ ದಿನಕ್ಕೆ ಆ ಗುಂಪು ನಿಮಗೂ ಇಲ್ಲ, ಬೇರೆಯವರಿಗೂ ಇಲ್ಲ. ಅವು ಸಾಗುತ್ತಿರುವ ದಿಕ್ಕು ಗುರುತಿಸಿ. ಸುಮಾರು 300 ಗಜ ದೂರದಿಂದ ಬಳಸಿಕೊಂಡು ಮುಂದೆ ಹೋಗಿ, ಎಂಜಿನ್ ನಿಲ್ಲಿಸಿ ಅವು ಬರುವ ದಾರಿಯಲ್ಲಿ ಕಾಯಿರಿ. ಟ್ರೋಲಿಂಗ್ ಮೋಟರ್ (ಸಣ್ಣ ವಿದ್ಯುತ್ ಮೋಟರ್) ಬಳಸುವುದಾದರೆ ಸಣ್ಣ ವೇಗದಲ್ಲಿ ಒಂದೇ ಸಮನೆ ಓಡಲಿ. ಮೀನು ಬೆದರುವುದು ಸದ್ದಿಗಿಂತ ಸದ್ದಿನ ಏರಿಳಿತಕ್ಕೆ. ಮೊದಲೇ ಅಲ್ಲಿ ಕಾಯುತ್ತಿರುವ ದೋಣಿಯ ಮುಂದೆ ಹೋಗಿ ನಿಲ್ಲಬೇಡಿ.

ತಾಮ್ರ ಬಣ್ಣದ ಪೋಲರೈಸ್ಡ್ ಕನ್ನಡಕ ಇಲ್ಲದೆ ಈ ಕೆಲಸವೇ ಇಲ್ಲ. ಸೂರ್ಯ ಬೆನ್ನಿಗಿರಲಿ. ದಿಕ್ಕು ಹೇಳಲು ದೋಣಿಯ ಮೂತಿಯನ್ನು 12 ಗಂಟೆ ಎಂದಿಟ್ಟುಕೊಂಡು, ‘10 ಗಂಟೆ, 60 ಅಡಿ, ಎಡಕ್ಕೆ ಹೋಗ್ತಿದೆ’ ಎನ್ನುವಷ್ಟರಲ್ಲೇ ಮಾತು ಮುಗಿಯಬೇಕು.

ಎಸೆತದ ಮೂಲ ಸೂತ್ರ ಇಷ್ಟು: ಎರೆ ಯಾವತ್ತೂ ಮೀನಿನ ಕಡೆಗೆ ಹೋಗಬಾರದು. ಸಮುದ್ರದಲ್ಲಿ ಏಡಿಯಾಗಲಿ ಸಣ್ಣ ಮೀನಾಗಲಿ ತನ್ನನ್ನು ತಿನ್ನುವವನತ್ತ ಈಜುವುದಿಲ್ಲ. ಹಾಗೆ ಈಜಿದರೆ ಟಾರ್ಪನ್ ಬೆಚ್ಚಿ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಮೀನಿನ ದಾರಿಯ ಆಚೆಗೆ, ಹತ್ತರಿಂದ ಹದಿನೈದು ಅಡಿ ಮುಂದಕ್ಕೆ ಎಸೆದು, ಅದು ಬರುವಷ್ಟರಲ್ಲಿ ಎರೆಯನ್ನು ಸುತ್ತಿ ದಾರಿಗೆ ತಂದು ನಿಲ್ಲಿಸಿ. ಆಳದಲ್ಲಿರುವ ಮೀನಿಗೆ ಇನ್ನೂ ಮುಂದೆ ಎಸೆಯಬೇಕು, ಎರೆ ಇಳಿಯಲು ಸಮಯ ಬೇಕಲ್ಲ. ಸಾಲಾಗಿ ಬರುವ ಮೀನುಗಳಲ್ಲಿ ಮೊದಲನೆಯದಕ್ಕೋ ಎರಡನೆಯದಕ್ಕೋ ಗುರಿಯಿಡಿ. ನಡುವಿನದಕ್ಕೆ ಎಸೆದರೆ ಲೈನ್ ಮುಂದಿನವುಗಳ ಬೆನ್ನ ಮೇಲೆ ಬಿದ್ದು ಇಡೀ ಸಾಲು ಚೆದುರುತ್ತದೆ. ಕೆಲವೊಮ್ಮೆ ಗುಂಪು ಒಂದರ ಬಾಲ ಒಂದು ಹಿಡಿದಂತೆ ಚಕ್ರ ಸುತ್ತುತ್ತ ನಿಂತಿರುತ್ತದೆ. ಆಗ ಚಕ್ರದ ನಡುವಿಗೆ ಎಸೆಯದೆ ಹೊರ ಅಂಚಿಗೆ, ಮೀನು ತಿರುಗುತ್ತಿರುವ ದಿಕ್ಕಿಗೇ ಎರೆಯೂ ಸಾಗುವಂತೆ ಎಸೆಯಿರಿ. ಬೆಳಗಿನ ಹೊತ್ತು ಹಿನ್ನೀರಿನಲ್ಲಿ ಅಲುಗಾಡದೆ ತೇಲಿ ನಿಂತ ಮೀನು ಸಿಕ್ಕರೆ ಅದೃಷ್ಟ. ಆದರೆ ಅದರ ತಲೆ ಯಾವ ಕಡೆ, ಬಾಲ ಯಾವ ಕಡೆ ಎಂದು ಖಚಿತವಾಗುವವರೆಗೆ ಎಸೆಯಬೇಡಿ. ಬಾಲದ ಮೇಲೆ ಬಿದ್ದ ಎರೆಗೆ ಇನ್ನೊಂದು ಅವಕಾಶ ಇರುವುದಿಲ್ಲ.

ಅಳಿವೆಯಲ್ಲಿ ಇಷ್ಟೆಲ್ಲ ಇಲ್ಲ. ದೋಣಿಯನ್ನು ಸೆಳೆತದ ವೇಗದಲ್ಲೇ ತೇಲಲು ಬಿಟ್ಟು ಏಡಿಯನ್ನು ಜೊತೆಗೆ ತೇಲಿಸಬೇಕು, ಅಷ್ಟೆ. ಏಡಿ ದೋಣಿಗಿಂತ ಬೇಗವಾಗಲಿ ನಿಧಾನವಾಗಲಿ ಸಾಗಿದರೆ ಅದನ್ನು ಏನೋ ಎಳೆಯುತ್ತಿದೆ ಎಂದು ಮೀನಿಗೆ ಗೊತ್ತಾಗುತ್ತದೆ. ಸೇತುವೆಯ ಕೆಳಗೆ ರಾತ್ರಿ ದೀಪದ ನೆರಳು ಬೀಳುವ ಗೆರೆ ನೋಡಿ. ಮೀನು ಕತ್ತಲ ಕಡೆ, ಸೆಳೆತಕ್ಕೆ ಮುಖಮಾಡಿ ನಿಂತಿರುತ್ತದೆ, ಎರೆ ಬೆಳಕಿನಿಂದ ಕತ್ತಲಿಗೆ ಸಾಗಬೇಕು. ಅಲ್ಲಿ ಲಂಗರು ಹಾಕುವಾಗ ಹಗ್ಗದ ತುದಿಗೆ ದೊಡ್ಡ ತೇಲುಗುಂಡು ಕಟ್ಟಿ, ಕೊಂಡಿಯಿಂದ ದೋಣಿಗೆ ಸಿಕ್ಕಿಸಿ. ಮೀನು ಕಚ್ಚಿದಾಗ ಕೊಂಡಿ ಬಿಚ್ಚಿ ಅದರ ಹಿಂದೆ ಹೊರಡಬಹುದು, ಲಂಗರು ಆಮೇಲೆ ಬಂದು ತೆಗೆದುಕೊಂಡರಾಯಿತು. ಲಂಗರು ಎತ್ತುತ್ತ ಕೂತರೆ ಮೀನು ಎರಡು ಕಂಬ ಸುತ್ತಿ ಮುಗಿಸಿರುತ್ತದೆ.

ಕಚ್ಚಿದ ಕ್ಷಣ, ನೆಗೆದ ಕ್ಷಣ

ಸರ್ಕಲ್ ಹುಕ್‌ನಲ್ಲಿ ಜಗ್ಗಬೇಡಿ. ಮೀನು ಎರೆ ನುಂಗಿ ಪಕ್ಕಕ್ಕೆ ತಿರುಗಿದಾಗ ಕೊಕ್ಕೆ ಬಾಯೊಳಗಿಂದ ಜಾರುತ್ತ ಬಂದು ದವಡೆಯ ಮೂಲೆಯಲ್ಲಿ ಹೊರಳಿ ತಾನಾಗಿ ನಾಟುತ್ತದೆ. ಜಗ್ಗಿದರೆ ಆ ಹೊರಳುವಿಕೆಗೆ ಸಮಯವಿರದೆ ತೆರೆದ ಬಾಯಿಂದ ನೇರವಾಗಿ ಹೊರಗೆ ಬರುತ್ತದೆ. ರಾಡ್‌ನ ತುದಿಯನ್ನು ಮೀನಿನ ಕಡೆ ಚಾಚಿ, ಸಡಿಲ ಲೈನನ್ನು ಬೇಗ ಬೇಗ ಸುತ್ತಿ. ಬಿಗಿ ಬಂದು ರಾಡ್ ತಾನೇ ಬಗ್ಗಿ ಡ್ರ್ಯಾಗ್ ಕೂಗುವವರೆಗೆ ಸುತ್ತುತ್ತಲೇ ಇರಿ, ಆಮೇಲೆ ರಾಡ್ ಎತ್ತಿ. ಫ್ಲೈ ಗಾಳದಲ್ಲಿ ಮಾತ್ರ ಕೊಕ್ಕೆ ಬೇರೆ ಜಾತಿಯದಾದ್ದರಿಂದ ಎಡಗೈಯಿಂದ ಲೈನನ್ನು ಬಲವಾಗಿ ಎರಡು ಮೂರು ಸಲ ಎಳೆಯಬೇಕು. ಅಲ್ಲಿಯೂ ರಾಡ್ ಎತ್ತುವಂತಿಲ್ಲ. ಆಮೇಲೆ ಕಣ್ಣು ಮೀನಿನ ಮೇಲಲ್ಲ, ಕಾಲ ಬುಡದಲ್ಲಿ ಬಿದ್ದಿರುವ ಲೈನ್ ಮೇಲಿರಲಿ. ಅದರ ಒಂದು ಸುರುಳಿ ಗುಂಡಿಗೋ ಚಪ್ಪಲಿಗೋ ಸಿಕ್ಕರೆ ಟಿಪೆಟ್ ಪಟ್ಟನೆ ಹೋಗುತ್ತದೆ.

ಮರುಗಳಿಗೆಯಲ್ಲೇ ಮೀನು ನೆಗೆಯುತ್ತದೆ. ಆಳೆತ್ತರದ ಮೀನು ನೀರಿನಿಂದ ಪೂರ್ತಿ ಹೊರಬಂದು, ಕಿವಿರಿನ ಮುಚ್ಚಳ ಅಗಲಿಸಿ ಪಟಪಟನೆ ತಲೆ ಕೊಡವುತ್ತದೆ. ನೀರಿನೊಳಗೆ ಅದರ ಭಾರವನ್ನು ನೀರು ಹೊತ್ತಿರುತ್ತದೆ, ಗಾಳಿಯಲ್ಲಿ ಆ ನೂರು ಪೌಂಡ್ ಪೂರ್ತಿಯಾಗಿ ನಿಮ್ಮ ಲೈನ್ ಮೇಲೆ. ಆಗ ಲೈನ್ ಬಿಗಿಯಾಗಿದ್ದರೆ ಆಗುವುದು ಮೂರರಲ್ಲಿ ಒಂದು: ಮೂಳೆಗೆ ತಗುಲಿದ ಕೊಕ್ಕೆ ಸಿಡಿಯುತ್ತದೆ, ಗಂಟು ಬಿಚ್ಚುತ್ತದೆ, ಇಲ್ಲವೇ ಮೀನು ಬಿಗಿಯಾದ ಲೀಡರ್ ಮೇಲೇ ಬಿದ್ದು ತುಂಡುಮಾಡುತ್ತದೆ. ಅದಕ್ಕೆ, ಮೀನು ಮೇಲೇಳುವುದು ಕಂಡ ಕೂಡಲೇ ಸೊಂಟ ಬಗ್ಗಿಸಿ, ಎರಡೂ ಕೈ ಮುಂದಕ್ಕೆ ಚಾಚಿ, ರಾಡ್‌ನ ತುದಿಯನ್ನು ನೇರ ಮೀನಿಗೆ ತೋರಿಸಿ ಲೈನ್ ಸಡಿಲ ಬಿಡಿ. ಮೀನು ನೀರಿಗೆ ಬಿದ್ದ ಕೂಡಲೇ ಮತ್ತೆ ಬಿಗಿ. ಲೈನ್ ನೀರಿನಿಂದ ಮೇಲಕ್ಕೆ ಕತ್ತರಿಸುತ್ತ ಏರಿ ಬರುತ್ತಿದ್ದರೆ ನೆಗೆತ ಬಂತು ಎಂದೇ ಅರ್ಥ, ಮೀನು ಕಾಣುವವರೆಗೆ ಕಾಯಬೇಡಿ. ಕಲಿಯುವವರು ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಇದೊಂದು ಮರೆಯಬಾರದು.

ಹೋರಾಟವನ್ನು ಮೊಟಕು ಮಾಡುವುದು

ಮೊದಲ ಓಟದಲ್ಲಿ ಏನೂ ಮಾಡುವಂತಿಲ್ಲ, ಓಡಲಿ. ದೋಣಿಯಿಂದ ಹಿಂಬಾಲಿಸಿ ದೂರವನ್ನು 100 ಅಡಿಯೊಳಗೆ ತಂದುಕೊಳ್ಳಿ. ದೂರದಿಂದ ಎಳೆದರೆ ಶಕ್ತಿಯೆಲ್ಲ ಲೈನ್ ಮತ್ತು ನೀರಿಗೆ ಹೋಗುತ್ತದೆ, ಮೀನಿಗೆ ತಾಗುವುದೇ ಇಲ್ಲ.

ರಾಡನ್ನು ಆಕಾಶಕ್ಕೆ ಎತ್ತಿ ಹಿಡಿಯುವುದು ಫೋಟೊಗೆ ಚೆಂದ, ಮೀನಿಗೆ ವಿಶ್ರಾಂತಿ. ಎತ್ತಿದ ರಾಡ್ ತಲೆಯನ್ನು ಮೇಲಕ್ಕೆ ಎಳೆಯುತ್ತದೆ, ಅಂದರೆ ಗಾಳಿಯ ಕಡೆಗೆ. ರಾಡನ್ನು ನೀರಿಗೆ ಸಮನಾಗಿ ತಗ್ಗಿಸಿ, ಮೀನಿನ ಬಾಲದ ದಿಕ್ಕಿಗೆ ಎಳೆಯಿರಿ. ಅದು ಎಡಕ್ಕೆ ಹೊರಟರೆ ರಾಡ್ ಬಲಕ್ಕೆ, ಬಲಕ್ಕೆ ತಿರುಗಿದರೆ ರಾಡ್ ಎಡಕ್ಕೆ. ಪ್ರತಿ ಸಲವೂ ತಲೆ ಹಿಂದಕ್ಕೆ ತಿರುಗಿದಾಗ ಅದರ ಸಮತೋಲ ಕೆಡುತ್ತದೆ, ದಣಿವು ಅಲ್ಲಿಂದ ಶುರು. ಉಸಿರಿಗೆ ಮೇಲೆ ಬರುತ್ತಿದೆ ಎನಿಸಿದರೆ ರಾಡ್‌ನ ತುದಿಯನ್ನು ನೀರೊಳಗೇ ಮುಳುಗಿಸಿ ಕೆಳಕ್ಕೂ ಪಕ್ಕಕ್ಕೂ ಎಳೆಯಿರಿ. ಒಂದು ಗುಟುಕು ತಪ್ಪಿಸಿದರೆ ಐದು ನಿಮಿಷ ಉಳಿಯಿತು. ಎಳೆತಗಳು ಗಿಡ್ಡವಾಗಿರಲಿ, ಕಾಲು ಮತ್ತು ಸೊಂಟದಿಂದ ಬರಲಿ, ತೋಳಿನಿಂದಲ್ಲ. ನೀವು ಕೈ ಬದಲಿಸಿ ನೀರು ಕುಡಿಯುವಷ್ಟು ಹೊತ್ತಿನಲ್ಲಿ ಅದು ಸುಧಾರಿಸಿಕೊಂಡು ಮೊದಲಿನಂತಾಗುತ್ತದೆ.

ಆಳದ ನೀರಿನಲ್ಲಿ ಮೀನು ದೋಣಿಯ ನೇರ ಕೆಳಗೆ ಇಳಿದು ಕೂತರೆ ಮೇಲೆ ನಿಂತು ಎತ್ತಲು ಹೋಗಬೇಡಿ, ಎತ್ತಲಾಗದು. ದೋಣಿಯನ್ನು 40 ಅಡಿ ಪಕ್ಕಕ್ಕೆ ಒಯ್ದು ಕೋನ ಬದಲಿಸಿ ಎಳೆಯಿರಿ, ತಲೆ ತಿರುಗುತ್ತದೆ.

ನೂರು ಪೌಂಡ್‌ನ ಮೀನಿಗೆ 20ರಿಂದ 30 ನಿಮಿಷ ಗುರಿಯಾಗಿರಲಿ. 45 ನಿಮಿಷ ದಾಟಿಯೂ ತಲೆ ತಿರುಗಿಸಲಾಗದಿದ್ದರೆ ಡ್ರ್ಯಾಗ್ ಬಿಗಿದು ಲೈನ್ ಕಡಿದುಕೊಳ್ಳಿ. ಅಲ್ಲಿಂದ ಮುಂದಕ್ಕೆ ಗೆದ್ದರೂ ಬಿಡುವ ಹೊತ್ತಿಗೆ ಮೀನಿನಲ್ಲಿ ಈಜುವ ತ್ರಾಣ ಇರುವುದಿಲ್ಲ.

ಬುಲ್ ಶಾರ್ಕ್ ಮತ್ತು ದೊಡ್ಡ ಹ್ಯಾಮರ್‌ಹೆಡ್ ಶಾರ್ಕ್‌ಗಳು ಟಾರ್ಪನ್ ಇರುವಲ್ಲೆಲ್ಲ ಇರುತ್ತವೆ. ಬೋಕಾ ಗ್ರಾಂಡೆ ಮತ್ತು ಕೀಸ್‌ನ ಸೇತುವೆಗಳ ಬಳಿ ಇವುಗಳ ಕಾಟ ಜಾಸ್ತಿ. ಮೀನಿನ ಹಿಂದೆ ದೊಡ್ಡ ನೆರಳೋ ಎತ್ತರದ ಬೆನ್ನುರೆಕ್ಕೆಯೋ ಕಂಡರೆ ಒಂದು ಕ್ಷಣವೂ ಯೋಚಿಸಬೇಡಿ, ಬೇಲ್ (ರೀಲಿನಲ್ಲಿ ಲೈನ್ ಹಿಡಿದಿಡುವ ತಂತಿ) ತೆರೆದು ಲೈನ್ ಪೂರ್ತಿ ಸಡಿಲ ಬಿಡಿ, ಇಲ್ಲವೇ ಕಡಿದುಬಿಡಿ. ಕಟ್ಟಿಲ್ಲದ ಟಾರ್ಪನ್‌ಗೆ ಶಾರ್ಕ್‌ನಿಂದ ತಪ್ಪಿಸಿಕೊಳ್ಳುವ ವೇಗವಿದೆ, ನೀವು ಹಿಡಿದುಕೊಂಡಿದ್ದರೆ ಇಲ್ಲ. ಎರಡನೇ ಮೀನಿಗೂ ಹಾಗೆಯೇ ಆದರೆ ಆ ಜಾಗ ಬಿಟ್ಟು ಹೊರಡಿ.

ಜೂನ್‌ನ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ದಿಢೀರನೆ ಬರುತ್ತದೆ. ಕೈಯಲ್ಲಿರುವ ಗ್ರಾಫೈಟ್ ರಾಡ್ ಮಿಂಚಿಗೆ ಒಳ್ಳೆಯ ದಾರಿ. ಗುಡುಗು ಕೇಳಿದರೆ ಮೀನು ಗಾಳದಲ್ಲಿದ್ದರೂ ಸರಿ, ಕಡಿದು ದಡಕ್ಕೆ ಬನ್ನಿ.

ದೋಣಿಯ ಪಕ್ಕದಲ್ಲಿ

ಇನ್ನೂ ಕಸುವಿರುವ ಮೀನನ್ನು ಹತ್ತಿರ ಎಳೆಯಬೇಡಿ. ನೂರು ಪೌಂಡ್‌ನ ಟಾರ್ಪನ್ ದೋಣಿಯೊಳಕ್ಕೆ ನೆಗೆದರೆ ಮೂಳೆ ಮುರಿಯುವಂತಹ ಪೆಟ್ಟಾಗುತ್ತದೆ. ಅದು ಪಕ್ಕಕ್ಕೆ ವಾಲಿ, ಬಾಲ ನಿಧಾನವಾದ ಮೇಲೆ ಒಬ್ಬರು ಕೈಗವಸು ಹಾಕಿ ಲೀಡರ್ ಹಿಡಿಯಲಿ. ಲೀಡರನ್ನು ಅಂಗೈ ಸುತ್ತ ಒಂದು ಸುತ್ತು ಮಾತ್ರ, ಕೈ ತೆರೆದರೆ ಬಿಚ್ಚಿಕೊಳ್ಳುವಂತೆ ಸುತ್ತಿಕೊಳ್ಳಬೇಕು. ಬೆರಳಿಗೆ ಸುತ್ತಿಕೊಂಡರೆ ಬೆರಳು ಹೋದೀತು. ಇನ್ನೊಬ್ಬರು ಕೆಳದವಡೆಯನ್ನು ಹಿಡಿದು ಉದ್ದನೆಯ ಡಿ-ಹುಕ್ಕರ್‌ನಿಂದ ಕೊಕ್ಕೆ ತೆಗೆಯಲಿ. ಕೊಕ್ಕೆ ಗಂಟಲಲ್ಲಿದ್ದರೆ ಹುಡುಕುತ್ತ ಕೂರದೆ ಲೀಡರನ್ನು ಆದಷ್ಟು ಹತ್ತಿರದಲ್ಲಿ ಕತ್ತರಿಸಿ. ಕಿವಿರಿನೊಳಗೆ ಕೈ ಹಾಕಬೇಡಿ. ಫೋಟೊ ಬೇಕೆಂದರೆ ನೀವು ದೋಣಿಯ ಅಂಚಿನಿಂದ ಬಗ್ಗಿ, ಮೀನು ನೀರಲ್ಲೇ ಇರಲಿ.

ತೂಕ ತಿಳಿಯಲು ಎತ್ತಬೇಕಿಲ್ಲ. ಹೊಟ್ಟೆಯ ಅತಿ ದಪ್ಪ ಭಾಗದ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಅದನ್ನು ಬಾಲದ ಕವಲಿನವರೆಗಿನ ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿ. ಅಳತೆ ಅಂಗುಲದಲ್ಲಿದ್ದರೆ ಉತ್ತರ ಪೌಂಡ್‌ನಲ್ಲಿ. ಸುತ್ತಳತೆ 36, ಉದ್ದ 72 ಆದರೆ ಸುಮಾರು 117 ಪೌಂಡ್.

ಬಿಡುವಾಗ ದವಡೆ ಹಿಡಿದು ಮೀನಿನ ಮುಖವನ್ನು ಸೆಳೆತಕ್ಕೆ ಎದುರಾಗಿಡಿ. ಸೆಳೆತವಿಲ್ಲದಿದ್ದರೆ ಎಂಜಿನನ್ನು ಅತಿ ನಿಧಾನಕ್ಕೆ ಮುಂದಕ್ಕೆ ಓಡಿಸಿ, ನೀರು ಬಾಯಿಂದ ಹೊಕ್ಕು ಕಿವಿರಿನಿಂದ ಹೊರಬೀಳಬೇಕು. ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸುವುದು ತಪ್ಪು, ಹಿಂದಕ್ಕೆ ಎಳೆದಾಗ ಕಿವಿರು ಮುಚ್ಚಿಕೊಳ್ಳುತ್ತದೆ. ಬಾಲ ತಾನಾಗಿ ಬಲವಾಗಿ ಬೀಸಿ, ದವಡೆ ನಿಮ್ಮ ಬೆರಳನ್ನು ಒತ್ತಿ ಕಚ್ಚಿದಾಗ ಬಿಡಿ. ಬಿಟ್ಟ ಮೇಲೆ ಹೊಟ್ಟೆ ಮೇಲಾಗಿ ಮುಳುಗತೊಡಗಿದರೆ ತಡಮಾಡದೆ ಮತ್ತೆ ಹಿಡಿದು ಇನ್ನೊಂದಿಷ್ಟು ಹೊತ್ತು ನಡೆಸಿ. ಸುತ್ತಮುತ್ತ ಶಾರ್ಕ್ ಕಂಡಿದ್ದರೆ ಅಲ್ಲೇ ಬಿಡದೆ, ಹೀಗೆಯೇ ನಿಧಾನವಾಗಿ ದೂರ ಒಯ್ದು ಬಿಡಿ.

ಮುಂದಿನ ಎರೆ ಸಿಕ್ಕಿಸುವ ಮೊದಲು ಲೀಡರ್‌ನ ಕೊನೆಯ ಎರಡು ಅಡಿಯನ್ನು ಬೆರಳಿನ ನಡುವೆ ಎಳೆದು ನೋಡಿ. ಒರಟು ತಗುಲಿದರೆ ಅಷ್ಟನ್ನೂ ಕತ್ತರಿಸಿ ಕೊಕ್ಕೆ ಹೊಸದಾಗಿ ಕಟ್ಟಿ. ಉಳಿದ ಲೀಡರ್ ನಾಲ್ಕು ಅಡಿಗಿಂತ ಕಡಿಮೆಯಾಗಿದ್ದರೆ ಪೂರ್ತಿ ಬದಲಿಸಿ, ಎಫ್‌ಜಿ ಗಂಟನ್ನೂ ಹೊಸದಾಗಿ ಹಾಕಿ.